ಆಯ್ತು ಅಂದಳೋ ಇಲ್ಲವೋ

ಪಂಪಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಕುತ್ತಿಗೆಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಆ ಚೀಟಿಯೂ ಯಾವಾಗ ನೋಡಿದರೂ ಬೆನ್ನು ತಿರುಗಿಸಿಕೊಂಡೇ ಇರುತ್ತದೆ. ವಿಶ್ವವಿದ್ಯಾಲಯದ ಆ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಹನ್ನೊಂದು ವ್ಯಾಕ್ಯೂಮ್ ಪಂಪುಗಳಿವೆ. ಮೇಲಿನ ಕೋಣೆಗಳ ಯಂತ್ರಗಳೊಳಗಿನ ಗಾಳಿಯನ್ನು ಹೀರಿ ಹೀರಿ ಹೊರಗೆ ಹಾಕುವುದೇ ಅವುಗಳ ಕಸುಬು. ಇಪ್ಪತ್ತೊಂಬತ್ತು ವರ್ಷ ಅವುಗಳಿಗೆ ಎಣ್ಣೆ ಬದಲಿಸಿ, ಬೆಲ್ಟು ಬಿಗಿದು, ಬೈದು, ಮುದ್ದಿಸಿ ಸಾಕಿದ ಮನುಷ್ಯನಿಗೆ ಪಂಪಣ್ಣ ಅನ್ನುವ ಹೆಸರು ಬೀಳದೆ ಇನ್ನೇನು ಬಿದ್ದೀತು?

ಪಂಪಿಗೆ ಕಾಯಿಲೆಯಾದರೆ ಅವನು ಮೀಟರು ಗೀಟರು ಏನೂ ತರುತ್ತಿರಲಿಲ್ಲ. ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ, ಒಂದು ಗಳಿಗೆ ನಿಂತು, "ಬೇರಿಂಗ್ ಹೋಗಿದೆ. ಇನ್ನು ನಾಲ್ಕು ದಿನ, ಅಷ್ಟೇ" ಅನ್ನುತ್ತಿದ್ದ. ನಾಲ್ಕನೇ ದಿನ ಅದು ಕೈಕಾಲು ಚಾಚಿ ಮಲಗುತ್ತಿತ್ತು. ಹೊಸದಾಗಿ ಬಂದ ಸಂಶೋಧನಾ ವಿದ್ಯಾರ್ಥಿಗಳು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. "ಎಂಥಾ ಕೈಗುಣ ಅಣ್ಣ ನಿಮ್ದು!" ಅನ್ನುತ್ತಿದ್ದರು.

ಕೈಗುಣವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಪಂಪಣ್ಣನಿಗೆ ಕಿವಿ ಕೇಳಿಸುತ್ತಿರಲಿಲ್ಲ. ವಿಷಯ ಇಷ್ಟೇ.

ಪೂರ್ತಿ ಕಿವುಡ ಅನ್ನುವ ಹಾಗೂ ಇಲ್ಲ. ಆ ಹನ್ನೊಂದು ಪಂಪುಗಳೇ ಅವನ ಕಿವಿಯನ್ನು ವರ್ಷಕ್ಕಿಷ್ಟು ಅಂತ ತಿಂದು ಹಾಕಿದ್ದವು. ಮೊದಲು ಫೋನಿನ ಗಂಟೆ ಹೋಯಿತು, ಆಮೇಲೆ ಯಂತ್ರಗಳು ಕೂಗುವ ಕೀಂ ಕೀಂ ಹೋಯಿತು, ಆಮೇಲೆ ಹೆಂಗಸರ ಮಾತು ಹೋಯಿತು. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗೋಡೆಯಾಚೆ ಯಾರೋ ಮಾತಾಡಿಕೊಳ್ಳುತ್ತಿರುವಂತೆ ಕೇಳಿಸುತ್ತಿತ್ತು. ತುಟಿ ನೋಡುವುದನ್ನು ಅವನು ತಾನೇ ತಾನಾಗಿ ಕಲಿತ, ಯಾರೂ ಹೇಳಿಕೊಡಲಿಲ್ಲ. ಎದುರಿಗಿದ್ದವರ ತುಟಿ ಕಂಡರೆ ಮುಕ್ಕಾಲು ಮಾತು ಸಿಗುತ್ತಿತ್ತು, ಮಿಕ್ಕ ಕಾಲು ಭಾಗವನ್ನು ಅಂದಾಜಿನ ಮೇಲೆ ದಬ್ಬುತ್ತಿದ್ದ.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಅನ್ನುತ್ತೀರಿ. ಹೋಗಿದ್ದ. ಎರಡು ಕಿವಿಗೂ ಯಂತ್ರ ಹಾಕಿಕೊಳ್ಳಿ ಅಂತ ಅವರು ಚೀಟಿ ಬರೆದುಕೊಟ್ಟಿದ್ದರು. "ಲ್ಯಾಬಿನ ಒಳಕೋಣೇಲಿ ದೊಡ್ಡ ಮ್ಯಾಗ್ನೆಟ್ ಇದೆ, ಅಂಥದ್ದನ್ನೆಲ್ಲ ಹಾಕ್ಕೊಂಡು ಹತ್ರ ಹೋಗೋ ಹಾಗಿಲ್ಲ" ಅಂತ ತನಗೆ ತಾನೇ ಒಂದು ನೆಪ ಹೇಳಿಕೊಂಡು ಆ ಚೀಟಿಯನ್ನು ಪಂಪಿನ ಕೈಪಿಡಿಯೊಳಗೆ ಸೇರಿಸಿಬಿಟ್ಟ. ನಿಜವಾದ ಕಾರಣ ಅವನಿಗೆ ಗೊತ್ತಿತ್ತು. ಪಂಪಣ್ಣ ಕಿವುಡ ಅಂತ ಒಂದು ಸಲ ಗೊತ್ತಾದರೆ ಒಳಕೋಣೆಯ ಬಾಗಿಲು ಮುಚ್ಚಿದ ಹಾಗೆ. ಆ ಕೋಣೆ ಬಿಟ್ಟರೆ ಅವನಿಗೆ ಇನ್ನೇನಿತ್ತು ಹೇಳಿ.

ಅದಕ್ಕೇ ಅವನು ಸಿಡುಕನಾದ. ಸಿಡುಕನ ಹತ್ತಿರ ಜನ ಎರಡೇ ಮಾತಿನಲ್ಲಿ ಮುಗಿಸುತ್ತಾರೆ, ಹರಟೆಗೆ ಕೂರುವುದಿಲ್ಲ. ಚಹಾದ ಹೊತ್ತಿಗೆ ಎಲ್ಲರೂ ಗುಂಪಾಗಿ ನಗುತ್ತಿದ್ದರೆ ಇವನು ಲೋಟ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದ. "ಅವರಿಗೆ ಜಂಬ" ಅಂತ ಕೆಲವರು, "ಪಾಪ, ಕೆಲಸದ ಮೇಲೇ ಜೀವ" ಅಂತ ಕೆಲವರು. ಯಾರಾದರೂ ಬೆನ್ನಟ್ಟಿಕೊಂಡು ಬಂದು ಏನಾದರೂ ಕೇಳಿದರೆ ಅದಕ್ಕೂ ಒಂದು ಉತ್ತರ ಸಿದ್ಧವಾಗಿರುತ್ತಿತ್ತು. "ಸರಿ ಸರಿ, ಹಾಗೇ ಮಾಡು." ನೂರಕ್ಕೆ ತೊಂಬತ್ತು ಪ್ರಶ್ನೆಗೆ ಅದು ಸಾಲುತ್ತದೆ, ಬೇಕಾದರೆ ನೀವೂ ಮಾಡಿ ನೋಡಿ.

ಮನೆಯಲ್ಲೂ ಅದೇ ಕಥೆ. ಒಂದು ಸಲ ಹೆಂಡತಿ ಏನೋ ಕೇಳಿದಳು, ಇವನು ಹೂಂ ಅಂದ. ಮಾರನೇ ದಿನ ನೋಡಿದರೆ ಅವನ ಹಳೇ ಸೈಕಲ್ಲು ಯಾರದೋ ಪಾಲಾಗಿತ್ತು. "ನೀವೇ ಹೂಂ ಅಂದ್ರಲ್ರೀ, ಈಗ ಮುಖ ಯಾಕೆ ಊದಿಸ್ಕೊಂಡಿದೀರಿ?" ಅಂತ ಅವಳು ದಬಾಯಿಸಿದಳು. ಕಿವಿ ಸ್ವಲ್ಪ ಮಂದ ಅಂತ ಅವಳಿಗೆ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ. ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ, ತನ್ನ ಮಾತಿಗೆ ಬೆಲೆ ಇಲ್ಲ ಅಂತಲೇ ಅವಳ ಲೆಕ್ಕ. ಬರಬರುತ್ತಾ ಅವಳು ಮಾತಾಡುವುದನ್ನೇ ಕಡಿಮೆ ಮಾಡಿದಳು. ಮಗಳು ಫೋನಿನಲ್ಲಿ ಮುಖ ತೋರಿಸಿದರೆ ಇವನು ಎರಡು ಸಲ ತಲೆಯಾಡಿಸಿ ಫೋನನ್ನು ಹೆಂಡತಿಯ ಕೈಗೆ ದಾಟಿಸುತ್ತಿದ್ದ. ಮೊಮ್ಮಗಳ ದನಿ ಗುಬ್ಬಚ್ಚಿಯದು, ಅದರಲ್ಲಿ ಒಂದಕ್ಷರವೂ ಇವನಿಗೆ ಸಿಗುತ್ತಿರಲಿಲ್ಲ. "ತಾತಂಗೆ ನಾನಂದ್ರೆ ಇಷ್ಟ ಇಲ್ವಾ ಅಂತ ಕೇಳುತ್ತೆ ಕಣ್ರೀ ಮಗು" ಅಂತ ಹೆಂಡತಿ ಒಂದು ದಿನ ಎದುರಿಗೆ ನಿಂತು ಹೇಳಿದಳು. ಅದು ಮಾತ್ರ ಅವನಿಗೆ ಪೂರ್ತಿ ತಿಳಿಯಿತು. ಅವತ್ತು ಊಟ ಸೇರಲಿಲ್ಲ.

ಹೀಗೆ ಎಲ್ಲ ಕಡೆಯಿಂದ ಬಾಗಿಲು ಹಾಕಿಕೊಂಡವನಿಗೆ ಒಳಕೋಣೆಯೊಂದು ಉಳಿದಿತ್ತು.

ಒಳಕೋಣೆ ಅಂದರೆ ಚಿಪ್ಪು ಏರಿಸುವ ಜಾಗ. ಚಿಪ್ ಅನ್ನುವುದನ್ನು ಅಲ್ಲಿ ಎಲ್ಲರೂ ಚಿಪ್ಪು ಅಂತಲೇ ಕರೆಯುವುದು. ನಾಲ್ಕು ವರ್ಷ ದುಡಿದ ಮೇಲೆ ಕೈಗೆ ಬರುವುದು ಚಿಪ್ಪೇ ತಾನೇ, ಹೆಸರು ಮೊದಲೇ ಇಟ್ಟುಬಿಟ್ಟರೆ ದುಃಖ ಕಡಿಮೆ ಅಂತ ಹಳೇ ವಿದ್ಯಾರ್ಥಿಯೊಬ್ಬ ಹಾಸ್ಯ ಮಾಡಿದ್ದು ಹಾಗೇ ನಿಂತುಬಿಟ್ಟಿದೆ. ಉಗುರು ಕತ್ತರಿಸಿದಾಗ ಹಾರುವ ಚೂರಿನಷ್ಟು ಅದರ ಅಗಲ. ಅದರೊಳಗೆ ಒಂದೇ ಒಂದು ಎಲೆಕ್ಟ್ರಾನನ್ನು ಕೂಡಿಹಾಕುವ ಗುಂಡಿ, ಸುತ್ತ ಅದನ್ನು ಕಾಯುವ ಇಪ್ಪತ್ತನಾಲ್ಕು ಗೇಟುಗಳು. ಈ ಗೇಟುಗಳ ಕೆಳಗಿನ ಪದರ ಎಷ್ಟು ತೆಳ್ಳಗೆ ಅಂದರೆ, ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತದಲ್ಲ, ಆ ಕಿಡಿಯ ನೂರರಲ್ಲೊಂದು ಪಾಲು ಸಾಕು, ತೂತು. ಆಮೇಲೆ ಅದು ಕಸ.

ಅದಕ್ಕೇ ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಚಿಪ್ಪು ಏರಿಸುವುದಕ್ಕೆ ಇಬ್ಬರು ಬೇಕು. ಒಬ್ಬರು ಗೋಡೆ ಕಡೆ ಸ್ವಿಚ್ಚು ಡಬ್ಬಿಯ ಹತ್ತಿರ ನಿಂತು ಇಪ್ಪತ್ತನಾಲ್ಕು ಸ್ವಿಚ್ಚುಗಳನ್ನೂ ಕೆಳಗೆ ತಳ್ಳಬೇಕು. ಆಗ ತಂತಿಗಳಲ್ಲಿ ಕೂತ ಕರೆಂಟೆಲ್ಲ ನೆಲಕ್ಕೆ ಇಳಿಯುತ್ತದೆ. ಅದಕ್ಕೆ ಅರ್ಥ್ ಮಾಡುವುದು ಅನ್ನುತ್ತಾರೆ. ಇನ್ನೊಬ್ಬರು ಚಿಪ್ಪನ್ನು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ, ಅದರ ರಕ್ಷಣೆಯ ಟೋಪಿಯನ್ನು ತೆಗೆಯಬೇಕು. ತೆಗೆಯುವ ಮೊದಲು ಕೇಳಬೇಕು, "ಅರ್ಥ್ ಆಯ್ತಾ?" ಆ ಕಡೆಯಿಂದ "ಆಯ್ತು" ಅಂತ ಬಂದ ಮೇಲೇ ಕೈ ಆಡಬೇಕು. ಹೊಸಬರಿಗೆ ಇದು ದೊಡ್ಡ ತಮಾಷೆ. "ಏನೂ ಅರ್ಥ ಆಗ್ಲಿಲ್ಲ ಅಣ್ಣ, ನಾಲ್ಕು ವರ್ಷದಿಂದ ಏನೂ ಅರ್ಥ ಆಗಿಲ್ಲ" ಅಂತ ಗೋಳಾಡುತ್ತಿದ್ದರು. ಈ ನಿಯಮ ಮಾಡಿದವನು ಪಂಪಣ್ಣನೇ. ಕೋಲಿನ ತುದಿಯಲ್ಲಿ ನಿಲ್ಲುವ ಕೈ ಯಾವಾಗಲೂ ಅವನದೇ. ಅವನ ಕೈ ನಡುಗುತ್ತಿರಲಿಲ್ಲ, ಇಷ್ಟು ವರ್ಷದಲ್ಲಿ ಒಂದು ಚಿಪ್ಪೂ ಅವನ ಕೈಯಲ್ಲಿ ಸತ್ತಿರಲಿಲ್ಲ.

ಕೇಳಿಸದೆ ಇದೆಲ್ಲ ಹೇಗೆ ನಡೆಯಿತು? ತುಟಿ ಕಾಣುತ್ತಿತ್ತಲ್ಲ, ಅದಕ್ಕೇ. "ಆಯ್ತು" ಅನ್ನುವಾಗ ತುಟಿ ಮೊದಲು ಅಗಲವಾಗಿ ಕೊನೆಗೆ ಮುಂದಕ್ಕೆ ಬಂದು ಗುಂಡಗಾಗುತ್ತದೆ. ಇಡೀ ಭಾಷೆಯಲ್ಲಿ ಅವನಿಗೆ ಅತ್ಯಂತ ಚೆನ್ನಾಗಿ ಗೊತ್ತಿದ್ದ ಪದ ಅದು.

ಆ ವರ್ಷ ಮೇಡಂ ಹೊಸ ಆಜ್ಞೆ ಹೊರಡಿಸಿದರು. ಮೇಡಂ ಅಂದರೆ ಆ ಪ್ರಯೋಗಾಲಯದ ಪ್ರೊಫೆಸರು, ಮಾತು ಕಡಿಮೆ, ಕಣ್ಣು ಚುರುಕು. ಚಿಪ್ಪುಗಳ ಮೇಲೆ ಧೂಳು ಕೂರುತ್ತಿದೆ, ಇನ್ನು ಮೇಲೆ ಒಳಕೋಣೆಯಲ್ಲೂ ಎಲ್ಲರೂ ಮಾಸ್ಕ್ ಹಾಕಲೇಬೇಕು ಅಂದರು. ಎಲ್ಲರೂ ಹಾಕಿಕೊಂಡರು. ಪಂಪಣ್ಣನ ಕಣ್ಣಿನ ಮುಂದೆ ಎಲ್ಲರ ತುಟಿಯೂ ಒಂದೇ ದಿನ ಮಾಯವಾಯಿತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಬರುವುದು ಒಂದೇ ತಾನೇ, ಮಾಸ್ಕ್ ಅಲುಗಾಡಿದರೆ ಆಯ್ತು ಅಂತಲೇ ಅರ್ಥ, ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಆರು ಸಲ ಹಾಗೇ ಏರಿಸಿದ. ಆರೂ ಸಲ ಏನೂ ಆಗಲಿಲ್ಲ.

ಏಳನೆಯದು ಚುಕ್ಕಿಯದು.

ಚುಕ್ಕಿಯೂ ಅಡ್ಡಹೆಸರೇ. ಆ ಎಲೆಕ್ಟ್ರಾನಿನ ಗುಂಡಿಗೆ ಕ್ವಾಂಟಮ್ ಡಾಟ್ ಅನ್ನುತ್ತಾರೆ, ಡಾಟ್ ಅಂದರೆ ಚುಕ್ಕಿ, ಅದರ ಮೇಲೆ ಪಿಎಚ್‌ಡಿ ಮಾಡುವ ಹುಡುಗಿಯೂ ಚುಕ್ಕಿ. ತೆಳ್ಳಗಿದ್ದಳು, ಬೇಗ ಬೇಗ ಮಾತಾಡುತ್ತಿದ್ದಳು, ಪಂಪಣ್ಣನ ಸಿಡುಕಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ಎಪ್ಪತ್ತೆರಡು ಚಿಪ್ಪು ಮಾಡಿದ್ದಳು. ಎಪ್ಪತ್ತೊಂದು ಕಸದ ಡಬ್ಬಿ ಸೇರಿದ್ದವು. ನಲವತ್ತೊಂದನೇ ಚಿಪ್ಪು ಮಾತ್ರ ಸಣ್ಣ ತಂಪು ಯಂತ್ರದಲ್ಲಿ ಇಟ್ಟು ನೋಡಿದಾಗ ಒಂದೇ ಒಂದು ಎಲೆಕ್ಟ್ರಾನನ್ನು ಹಿಡಿದು ನಿಲ್ಲಿಸಿಕೊಂಡಿತ್ತು. ಅದನ್ನು ದೊಡ್ಡ ತಂಪಿನಲ್ಲಿ, ಅವರು ಹಂಡೆ ಅಂತ ಕರೆಯುವ ಯಂತ್ರದಲ್ಲಿ, ಅಳೆದುಬಿಟ್ಟರೆ ಅವಳ ಪ್ರಬಂಧ ಮುಗಿಯುತ್ತಿತ್ತು. ನೀರು ಕಾಯಿಸುವುದರ ಹೆಸರನ್ನು ಅಷ್ಟು ತಣ್ಣಗಿನ ವಸ್ತುವಿಗೆ ಇಟ್ಟವರು ಯಾರೋ, ಅವರ ತಲೆಗಿಷ್ಟು!

"ಅಣ್ಣ, ನನ್ನ ಜೀವ ನಿಮ್ಮ ಕೈಲಿದೆ" ಅಂದಳು ಅವತ್ತು ಬೆಳಿಗ್ಗೆ, ಮಾಸ್ಕ್ ಏರಿಸಿಕೊಳ್ಳುವ ಮೊದಲು.

"ಜೀವಗೀವ ಅಂತ ನಾಟಕ ಬೇಡ. ಹೋಗು, ಸ್ವಿಚ್ಚು ನೋಡು" ಅಂದ ಪಂಪಣ್ಣ.

ಚಳಿಗಾಲ, ಗಾಳಿಯೆಲ್ಲ ಒಣಗಿಹೋಗಿತ್ತು. ಅವನು ಮೈಮೇಲಿನ ಕಿಡಿಯನ್ನು ನೆಲಕ್ಕಿಳಿಸುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಚಿಮಟದಲ್ಲಿ ಚಿಪ್ಪನ್ನು ಎತ್ತಿ, ಕೋಲಿನ ತುದಿಯಲ್ಲಿ ಕೂರಿಸಿದ. ಅವಳು ಅವನಿಗೆ ಬೆನ್ನು ಹಾಕಿ ಸ್ವಿಚ್ಚು ಡಬ್ಬಿಯ ಮುಂದೆ ನಿಂತಿದ್ದಳು. ಅವನು ಟೋಪಿಯನ್ನು ಚಿಮಟದಲ್ಲಿ ಹಿಡಿದು ಕೇಳಿದ.

"ಅರ್ಥ್ ಆಯ್ತಾ?"

ಅವಳು ಅರ್ಧ ತಿರುಗಿದಳು. ಕೆನ್ನೆಯ ಹತ್ತಿರ ಮಾಸ್ಕ್ ಅಲುಗಾಡಿತು. ಏನೋ ದನಿ ಬಂತು. ಪಂಪಣ್ಣ ಟೋಪಿ ತೆಗೆದ.

ಟೋಪಿಯನ್ನು ತಟ್ಟೆಯಲ್ಲಿಟ್ಟು ತಲೆ ಎತ್ತಿದರೆ ಅವಳು ಇನ್ನೂ ಡಬ್ಬಿಯ ಮೇಲೆ ಬಗ್ಗಿದ್ದಳು, ಮೊಣಕೈ ಬಲವಾಗಿ ಏನನ್ನೋ ಒತ್ತುತ್ತಿತ್ತು. ಆಮೇಲೆ ಪೂರ್ತಿ ತಿರುಗಿ, ಕಣ್ಣಲ್ಲೇ ನಕ್ಕು, ಹೆಬ್ಬೆರಳು ಎತ್ತಿ ತೋರಿಸಿದಳು. ಮಾಸ್ಕ್ ಇನ್ನೊಂದು ಸಲ ಅಲುಗಾಡಿತು. ಈ ಸಲದ್ದು ಆಯ್ತು, ಅದರಲ್ಲಿ ಅನುಮಾನವೇ ಇರಲಿಲ್ಲ.

ಹಾಗಾದರೆ ಮೊದಲು ಅಂದದ್ದೇನು?

ಮೊದಲು "ತಾಳಿ" ಅಂದಿರಬಹುದು. "ಒಂದ್ನಿಮಿಷ" ಅಂದಿರಬಹುದು. ಆಯ್ತು ಅಂತಲೇ ಅಂದು, ಆಮೇಲೆ ಅನುಮಾನ ಬಂದು ಇನ್ನೊಂದು ಸಲ ಸ್ವಿಚ್ಚು ಒತ್ತಿ ನೋಡಿರಬಹುದು. ಏನಂದೆ ಅಂತ ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಅವನು ಕೇಳಲಿಲ್ಲ. ಮುಚ್ಚಳ ತಿರುಗಿಸಿ ಬಿಗಿದ, ಕೋಲನ್ನು ಹಂಡೆಗೆ ಇಳಿಸಿದ.

ಹಂಡೆ ತಣ್ಣಗಾಗುವುದಕ್ಕೆ ಎರಡು ದಿನ ಬೇಕು. ಆ ಎರಡು ದಿನ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಇಡೀ ಕಟ್ಟಡದಲ್ಲಿ ಆ ಚಿಪ್ಪು ಸತ್ತಿರಬಹುದು ಅಂತ ಗೊತ್ತಿದ್ದವನು ಅವನೊಬ್ಬನೇ. ಚುಕ್ಕಿ ಕುಣಿದಾಡಿಕೊಂಡು ಓಡಾಡುತ್ತಿದ್ದಳು, ತಾಪಮಾನ ಎಷ್ಟಕ್ಕಿಳಿಯಿತು ಅಂತ ಗಂಟೆಗೊಂದು ಸಲ ಬಂದು ಹೇಳಿ ಹೋಗುತ್ತಿದ್ದಳು. ಇವನು ಸರಿ ಸರಿ ಅನ್ನುತ್ತಿದ್ದ. ಮನೆಗೆ ಹೋದರೆ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದ. ಹೇಳಿಕೊಳ್ಳೋಣ ಅಂದರೆ ಯಾರ ಹತ್ತಿರ? ಹೆಂಡತಿ ಎದುರಿಗೇ ಕೂತಿದ್ದಳು. ಮೊದಲು ಇಂಥದ್ದು ಕಂಡರೆ ಅವಳೇ ಕೇಳುತ್ತಿದ್ದಳು. ಈಗ ಅವಳೂ ಬಿಟ್ಟುಬಿಟ್ಟಿದ್ದಳು, ತಪ್ಪು ಯಾರದು ಅಂತ ಅವನಿಗೇ ಗೊತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಅಳತೆ ಮಾಡಿದರು. ಹದಿನೇಳನೇ ಗೇಟು ಸೋರುತ್ತಿತ್ತು. ಪದರ ತೂತಾಗಿತ್ತು, ಎಲೆಕ್ಟ್ರಾನೂ ಇಲ್ಲ, ಚುಕ್ಕಿಯೂ ಇಲ್ಲ, ಅವಳ ನಾಲ್ಕು ವರ್ಷವೂ ಇಲ್ಲ.

ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆದು ಕೂರಿಸಿದರು. ಅಲ್ಲಿ ಮಾಸ್ಕ್ ಇರಲಿಲ್ಲ. ಪಂಪಣ್ಣ ಕಿಟಕಿಗೆ ಬೆನ್ನು ಹಾಕಿ, ಇಬ್ಬರ ಮುಖವೂ ಬೆಳಕಿಗೆ ಬರುವ ಹಾಗೆ ಕುರ್ಚಿ ಎಳೆದುಕೊಂಡ. ಇಂಥ ಉಪಾಯಗಳು ಅವನಿಗೆ ಕರತಲಾಮಲಕ.

"ಹದಿನೇಳು ಅರ್ಥ್ ಆಗೋಕೆ ಮುಂಚೆ ಟೋಪಿ ತೆಗೆದಿದ್ದಾರೆ. ಬೇರೆ ದಾರಿಯೇ ಇಲ್ಲ" ಅಂದರು ಮೇಡಂ. "ಏನಾಯ್ತು ಅವತ್ತು?"

"ಹದಿನೇಳನೇ ಸ್ವಿಚ್ಚು ಬಿಗಿ ಇತ್ತು ಮೇಡಂ" ಅಂದಳು ಚುಕ್ಕಿ. ತುಟಿ ಒಣಗಿತ್ತು. "ಅದನ್ನ ಒತ್ತಿ ಕೆಳಗೆ ತಳ್ಳಿದ ಮೇಲೇ ಆಯ್ತು ಅಂದೆ. ಮೊದಲು ಅಣ್ಣ ಕೇಳಿದಾಗ ತಾಳಿ ಅಂದೆ ಅಂತ... ಅಂದ್ಕೊಂಡಿದೀನಿ."

"ಅಂದ್ಕೊಂಡಿದೀಯಾ? ಅಂದ್ಯಾ?"

"ಅಂದೆ... ಅನ್ಸುತ್ತೆ."

ಮೇಡಂ ಇವನ ಕಡೆ ತಿರುಗಿದರು. "ಪಂಪಣ್ಣ, ನೀವು ಹೇಳಿ. ಅವಳು ಆಯ್ತು ಅಂದ ಮೇಲೇ ತೆಗೆದ್ರಾ?"

ಒಂದೊಂದು ಅಕ್ಷರವೂ ಅವನಿಗೆ ಸಿಕ್ಕಿತು. ಕೇಳಿಸಲಿಲ್ಲ ಅನ್ನುವುದಕ್ಕೆ ಆಸ್ಪದವೇ ಇರಲಿಲ್ಲ.

"ಹೌದು ಮೇಡಂ. ಅಂದ ಮೇಲೇ ತೆಗೆದೆ."

ಇಪ್ಪತ್ತೊಂಬತ್ತು ವರ್ಷದ ಮಾತು ಅದು, ಅದಕ್ಕೆ ಎದುರಾಡುವವರು ಯಾರು? ಚುಕ್ಕಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಸಿಟ್ಟು ಇರಲಿಲ್ಲ. ಅವನು ಸುಳ್ಳು ಹೇಳಬಹುದು ಅನ್ನುವುದು ಅವಳ ತಲೆಗೇ ಹೋಗಲಿಲ್ಲ. "ಹಾಗಾದ್ರೆ ನಾನೇ ಮೊದಲೇ ಅಂದುಬಿಟ್ಟಿರಬೇಕು" ಅಂದಳು ಮೇಡಮ್ಮಿಗೆ. "ಬಾಯಿಗೆ ರೂಢಿಯಾಗಿಬಿಟ್ಟಿದೆ." ಮೇಡಂ ಬೈಯಲಿಲ್ಲ. ಹೊಸ ಚಿಪ್ಪು ಮಾಡು, ಆದರೆ ಏರಿಸುವಾಗ ನೀನು ಸ್ವಿಚ್ಚಿನ ಹತ್ತಿರ ನಿಲ್ಲಬೇಡ, ಬೇರೆಯವರು ನಿಲ್ಲಲಿ ಅಂದರು. ಅಷ್ಟೇ ಸಾಕಾಗಿತ್ತು.

ಆಮೇಲೆ ಅವಳಿಗೆ ತನ್ನ ಬಾಯಿಯ ಮೇಲೇ ನಂಬಿಕೆ ಹೋಯಿತು. ಬಾಗಿಲು ಹಾಕಿ ನಾಲ್ಕು ಹೆಜ್ಜೆ ಹೋದವಳು ವಾಪಸ್ ಬಂದು ಎಳೆದು ನೋಡುತ್ತಿದ್ದಳು. "ಈಗ ನಾನು ಗ್ಯಾಸ್ ವಾಲ್ವ್ ಮುಚ್ಚಿದೆ ಅಂದ್ನಾ, ಮುಚ್ಚಬೇಕು ಅಂದ್ನಾ?" ಅಂತ ಪಕ್ಕದವರನ್ನು ಕೇಳುತ್ತಿದ್ದಳು. ಏನು ಹೇಳಿದರೂ ಒಂದು ಸಣ್ಣ ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಟ್ಟುಕೊಳ್ಳತೊಡಗಿದಳು. ಪಟಪಟ ಮಾತಾಡುತ್ತಿದ್ದ ಹುಡುಗಿ ಅಳೆದು ತೂಗಿ ಆಡುವಂತಾದಳು, ಕೊನೆಗೆ ಆಡುವುದನ್ನೇ ನಿಲ್ಲಿಸಿದಳು. ಪಂಪಣ್ಣ ಇದನ್ನೆಲ್ಲ ನೋಡುತ್ತಿದ್ದ. ಮಾತಿಲ್ಲದೆ ಬದುಕುವುದು ಹೇಗೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅದನ್ನು ಅವಳಿಗೆ ಅಂಟಿಸಿದವನು ತಾನೇ ಅಂತಲೂ ಅವನಿಗೆ ಗೊತ್ತಿತ್ತು. ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ನಾಳೆ ಬಂದರೆ ಪಂಪಿಗೆ ಎಣ್ಣೆ ಬದಲಿಸುತ್ತಿದ್ದ.

ಒಂದು ದಿನ ಬೆಳಿಗ್ಗೆ ಅವಳೇ ನೆಲಮಾಳಿಗೆಗೆ ಇಳಿದು ಬಂದಳು. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಹನ್ನೊಂದು ಪಂಪುಗಳ ಗದ್ದಲ, ಎಣ್ಣೆಯ ವಾಸನೆ, ಒಂದು ಸ್ಟೂಲು. ಅವಳು ಮೆಟ್ಟಿಲ ಕಂಬಿ ಹಿಡಿದು, ಅದರ ಮೇಲಿನ ಹಳೇ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ, ತಲೆ ಬಗ್ಗಿಸಿಕೊಂಡೇ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಕೂದಲು ಮುಖದ ಮೇಲೆ ಬಿದ್ದಿತ್ತು. ಪಂಪಣ್ಣನಿಗೆ ಕಂಡದ್ದು ಗಲ್ಲದ ತುದಿ ಮಾತ್ರ. "ಅಣ್ಣ" ಅಂದದ್ದು ತಿಳಿಯಿತು. ಕೊನೆಯಲ್ಲಿ ಅವಳು ತಲೆ ಎತ್ತಿ ಸುಮ್ಮನಾದದ್ದರಿಂದ ಅದು ಪ್ರಶ್ನೆ ಅಂತ ತಿಳಿಯಿತು. ಅವಳ ಕಣ್ಣು ಒದ್ದೆಯಾಗಿತ್ತು. ಕ್ಷಮೆ ಕೇಳುತ್ತಿದ್ದಾಳೆ, ಹೊಸ ಚಿಪ್ಪು ಶುರು ಮಾಡಲಾ ಅನ್ನುತ್ತಿದ್ದಾಳೆ ಅಂತ ಅವನು ಅಂದಾಜು ಮಾಡಿದ.

"ಸರಿ ಸರಿ, ಹಾಗೇ ಮಾಡು" ಅಂದ. ಅಷ್ಟಕ್ಕೇ ಬಿಡದೆ, ಸಮಾಧಾನಕ್ಕಿರಲಿ ಅಂತ, "ನಿನಗೆ ಒಳ್ಳೇದೇ ಆಗುತ್ತೆ ಹೋಗು" ಅಂತಲೂ ಸೇರಿಸಿದ.

ಅವಳು ಅವನ ತೋಳನ್ನು ಒಂದು ಸಲ ಮುಟ್ಟಿ ಮೆಟ್ಟಿಲು ಹತ್ತಿದಳು. ಅಬ್ಬಾ, ಇವತ್ತಿನದು ಕಳೆಯಿತು ಅಂದುಕೊಂಡ ಪಂಪಣ್ಣ.

ಮತ್ತೆ ಐದು ದಿನಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ, ಮೇಡಂ ಅವನನ್ನು ಕರೆಸಿದರು. ಮೇಜಿನ ಮೇಲೆ ಒಂದು ಅರ್ಜಿ ಇತ್ತು.

"ಚುಕ್ಕಿ ಬಿಟ್ಟು ಹೋಗ್ತಿದ್ದಾಳೆ. ಇವತ್ತೇ" ಅಂದರು. "ಒಂದು ಚಿಪ್ಪು ಹೋದ್ರೆ ಆಕಾಶ ಬೀಳಲ್ಲ ಅಂತ ಎಷ್ಟು ಬಡ್ಕೊಂಡೆ. ಕೇಳಲಿಲ್ಲ. ನಿಮ್ಮನ್ನೂ ಕೇಳಿದ್ಲಂತೆ, ಹಾಗೇ ಮಾಡು ಅಂದ್ರಂತೆ. ಯಾಕ್ರೀ ಹಾಗಂದ್ರಿ?"

"ಏನು ಕೇಳಿದ್ಲಂತೆ ಮೇಡಂ?"

"ಇದೇನ್ರೀ, ನನ್ನನ್ನ ಕೇಳ್ತೀರಿ? ನನ್ನ ಮಾತು ನನಗೇ ನಂಬೋಕಾಗ್ತಿಲ್ಲ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ, ಬಿಟ್ಟುಬಿಡ್ಲಾ ಅಣ್ಣ ಅಂತ. ನೀವು ಬೇಡ ಅಂದಿದ್ರೆ ಇರ್ತಿದ್ದೆ ಅಂತ ನನ್ನ ಮುಂದೇನೇ ಹೇಳಿದ್ಲು."

ಪಂಪಣ್ಣ ಕುರ್ಚಿಯ ಹಿಂಭಾಗ ಹಿಡಿದುಕೊಂಡ. ಹೇಳಬೇಕಾದ ಮಾತನ್ನು ಎಷ್ಟು ವರ್ಷ ನುಂಗಿದ್ದನೆಂದರೆ ಅದು ಹೊರಗೆ ಬರುವ ದಾರಿಯೇ ಮರೆತಂತಿತ್ತು.

"ಮೇಡಂ, ನನಗೆ ಕಿವಿ ಕೇಳಿಸಲ್ಲ."

"ಏನು?"

"ಕೇಳಿಸಲ್ಲ. ತುಟಿ ನೋಡಿ ಹೇಗೋ ಸುಧಾರಿಸ್ತಾ ಇದ್ದೆ. ಮಾಸ್ಕ್ ಹಾಕಿದ ಮೇಲೆ ಅದೂ ಹೋಯ್ತು. ಅವತ್ತು ಅವಳು ಏನಂದ್ಲೋ ನನಗೆ ಗೊತ್ತಿಲ್ಲ. ಏನೋ ಅಂದ್ಲು, ನಾನು ಟೋಪಿ ತೆಗೆದೆ. ಆಯ್ತು ಅಂತ ಅವಳು ಆಮೇಲೆ ತಿರುಗಿ ಅಂದಿದ್ದನ್ನ ನಾನು ಕಣ್ಣಾರೆ ನೋಡಿದೆ. ನಿಮ್ಮ ಮುಂದೆ ಸುಳ್ಳು ಹೇಳಿದೆ. ಪಂಪಿನ ಕೋಣೇಲಿ ಅವಳು ಕೇಳಿದ್ದೂ ನನಗೆ ಕೇಳಿಸಲಿಲ್ಲ."

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಎಷ್ಟು ವರ್ಷದಿಂದ?"

"ಏಳೆಂಟು ಆಗಿರಬೇಕು."

"ನಿಮ್ಮ ಮಾತು ನಂಬಿ ಆ ಹುಡುಗೀನ ನಾನು ತಪ್ಪಿತಸ್ಥಳನ್ನಾಗಿ ಮಾಡಿದೆನಲ್ರೀ!" ಅವರ ಮುಖ ಕೆಂಪಾಗಿತ್ತು. ಆಮೇಲೆ ಅವರು ಅವನ ಕಡೆ ನೇರವಾಗಿ ತಿರುಗಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. "ಇನ್ನು ಮೇಲೆ ನೀವು ಒಳಕೋಣೆಗೆ ಬರೋ ಹಾಗಿಲ್ಲ. ಪಂಪು ನೋಡ್ಕೊಳ್ಳಿ, ಅಷ್ಟೇ ಸಾಕು. ಅವಳಿಗೆ ನಾನು ಹೇಳಲ್ಲ. ನೀವೇ ಹೋಗಿ ಹೇಳಿ." ಅವರು ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದೇ ಅವನಿಗೆ ಆಜ್ಞೆಗಿಂತ ಹೆಚ್ಚು ಚುಚ್ಚಿತು.

ಚುಕ್ಕಿಯ ಕೋಣೆ ಮೂರನೇ ಮಹಡಿಯಲ್ಲಿತ್ತು. ಅವಳು ಪುಸ್ತಕಗಳನ್ನು ಒಂದು ದೊಡ್ಡ ರಟ್ಟಿನ ಡಬ್ಬಿಗೆ ತುಂಬುತ್ತಿದ್ದಳು. ಗೋಡೆಯ ಮೇಲಿನ ಕಾಗದಗಳನ್ನೆಲ್ಲ ಕಿತ್ತಿದ್ದಳು, ಅಂಟಿನ ಗುರುತುಗಳು ಮಾತ್ರ ಉಳಿದಿದ್ದವು. ಪಂಪಣ್ಣ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಸೈಕಲ್ಲು ಹೋದದ್ದನ್ನೂ ಹೇಳಿದ, ಮೊಮ್ಮಗಳು ಕೇಳಿದ್ದನ್ನೂ ಹೇಳಿದ. ಅವಳು ಕೈಯಲ್ಲಿದ್ದ ಪುಸ್ತಕ ಇಟ್ಟು ಕೇಳುತ್ತಿದ್ದಳು. ಅವನು ಮುಗಿಸಿದ ಮೇಲೆ ಬೇರೇನೂ ಕೇಳಲಿಲ್ಲ. ಎದ್ದು ಹತ್ತಿರ ಬಂದು, ಮುಖದ ಮೇಲಿನ ಕೂದಲು ಹಿಂದಕ್ಕೆ ತಳ್ಳಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ ನಿಂತಳು.

"ಹಾಗಾದ್ರೆ ಮೊದಲು ನಾನು ಏನಂದೆ ಅಣ್ಣ?"

"ಅದು..."

"ತಾಳಿ ಅಂದ್ನಾ? ಆಯ್ತು ಅಂದ್ನಾ? ಅವತ್ತಿಂದ ಅದೊಂದೇ ಯೋಚನೆ ನನಗೆ. ಯಾವುದು ಅಂದೆ ಅಂತ ನನಗೇ ನೆನಪು ಬರ್ತಾ ಇಲ್ಲ. ಹುಚ್ಚು ಹಿಡಿದ ಹಾಗಾಗಿದೆ. ಆ ಕೋಣೇಲಿ ಇದ್ದಿದ್ದು ನಾವಿಬ್ರೇ. ತಾಳಿ ಅಂದೆ ಅಂತ ನೀವೊಂದು ಮಾತು ಹೇಳಿ, ಸಾಕು. ಈ ಡಬ್ಬಿ ಖಾಲಿ ಮಾಡಿ ಇಲ್ಲೇ ಇರ್ತೀನಿ."

ಪಂಪಣ್ಣನಿಗೆ ಪ್ರತಿ ಪದವೂ ತಿಳಿಯಿತು. ತಾಳಿ ಅಂದ್ಯಮ್ಮ. ಎರಡೇ ಪದ, ಬಾಯಿಗೆ ಬಂದೇ ಬಿಟ್ಟಿತ್ತು. ಅವಳು ಇರುತ್ತಿದ್ದಳು, ಹೊಸ ಚಿಪ್ಪು ಮಾಡುತ್ತಿದ್ದಳು, ಮತ್ತೆ ಪಟಪಟ ಮಾತಾಡುತ್ತಿದ್ದಳು. ನಿಜವೂ ಅದೇ ಇದ್ದಿರಬಹುದು. ಅವಳು ಅವನ ತುಟಿಯನ್ನೇ ನೋಡುತ್ತಾ ನಿಂತಿದ್ದಳು.

"ಗೊತ್ತಿಲ್ಲಮ್ಮ" ಅಂದ. "ನನಗೆ ಕೇಳಿಸಲಿಲ್ಲ."

ಅವಳ ತುಟಿ ಆಡಿತು.

"ಒಂದು ಸುಳ್ಳಾದ್ರೂ ಹೇಳಬಹುದಿತ್ತಲ್ಲ ಅಣ್ಣ."

"ಒಂದು ಹೇಳಿ ಆಗಿದೆಯಲ್ಲಮ್ಮ."

ಅವಳು ಕೆಳಗೆ ಕೂತು ಉಳಿದ ಪುಸ್ತಕಗಳನ್ನು ಡಬ್ಬಿಗೆ ಹಾಕಿ ಟೇಪು ಅಂಟಿಸಿದಳು. ಡಬ್ಬಿ ಭಾರವಾಗಿತ್ತು, ಒಬ್ಬರೇ ಎತ್ತುವ ಹಾಗಿರಲಿಲ್ಲ. ಪಂಪಣ್ಣ ಒಂದು ಕಡೆ ಹಿಡಿದ, ಬೇಡ ಅನ್ನದೆ ಅವಳು ಇನ್ನೊಂದು ಕಡೆ ಹಿಡಿದಳು. ಅವನು ಮುಂದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಇಳಿದ. ಕಾಲು ಎಲ್ಲಿ ಬೀಳುತ್ತದೆ ಅಂತ ನೋಡಿಕೊಳ್ಳದೆ ಮೂರು ಮಹಡಿ ಪೂರ್ತಿ ಅವಳ ತುಟಿಯನ್ನೇ ನೋಡಿಕೊಂಡು ಇಳಿದ. ಅವಳು ಏನೂ ಹೇಳಲಿಲ್ಲ.